ಇರಣ್ಣನ ಹಿತ್ತಲಲ್ಲಿ ಯಾರದೋ ಒಗ್ಗರಣೆ

"ನಿಮ್ಮ ಮನ್ಯಾಗ ಒಗ್ಗರಣಿ ಎಲ್ಲಿ ಹಾಕ್ತೀರಿ?"

ಕಾಫಿ ಲೋಟ ಕೆಳಗಿಡುತ್ತ ಭಾನುಮತಿ ಕೇಳಿದ ಮೊದಲ ಪ್ರಶ್ನೆ ಇದು. ನಿಶ್ಚಲ್ ನಕ್ಕುಬಿಟ್ಟ. ಅವನ ಹೆಂಡತಿ ಮಧುರಾ ನಗಲಿಲ್ಲ.

"ಇದನ್ನ ಕೇಳೋಕೆ ಡಲ್ಲಾಸ್ ಪಕ್ಕದ ಪ್ಲೇನೋದಿಂದ ಇಲ್ಲೀವರೆಗೆ ಡ್ರೈವ್ ಮಾಡ್ಕೊಂಡು ಬಂದ್ರಾ ಆಂಟಿ?" ಎಂದ ನಿಶ್ಚಲ್.

"ಬಂದದ್ದು ಇರಣ್ಣನ ಸಲುವಾಗಿ. ಕೇಳೋದು ಒಗ್ಗರಣಿ. ಹೇಳು ಮಧುರಾ."

"ಹೊರಗೆ, ಪ್ಯಾಟಿಯೋದಲ್ಲಿ," ಎಂದಳು ಮಧುರಾ. "ಒಳಗೆ ಹಾಕಿದ್ರೆ ಸೋಫಾ ಒಂದು ವಾರ ಇಂಗು ವಾಸನೆ ಹೊಡೆಯುತ್ತೆ. ಟೆಕ್ಸಾಸ್‌ನಲ್ಲಿ ನಮ್ಮೋರೆಲ್ಲ ಹಾಗೇ ಅಲ್ವಾ? ಹಿತ್ತಲಲ್ಲಿ ಒಂದು ಗ್ಯಾಸ್ ಸ್ಟವ್ವು, ಒಂದು ಬಾಣಲೆ."

ಭಾನುಮತಿ ಗಾಜಿನ ಬಾಗಿಲ ಆಚೆ ನೋಡಿದರು. ಹ್ಯೂಸ್ಟನ್ನಿನ ಉತ್ತರದ ಬಡಾವಣೆ ದ ವುಡ್‌ಲ್ಯಾಂಡ್ಸ್‌ನ ಪೈನ್ ಮರಗಳ ನೆರಳಲ್ಲಿ ಕಬ್ಬಿಣದ ಸ್ಟ್ಯಾಂಡು, ಅದರ ಮೇಲೆ ಎರಡು ಬರ್ನರಿನ ಒಲೆ. ಮೂವತ್ತು ವರ್ಷ ಡಲ್ಲಾಸಿನ ಆಸ್ಪತ್ರೆಯಲ್ಲಿ ಶ್ವಾಸಕೋಶಗಳನ್ನು ನೋಡಿ ನಿವೃತ್ತರಾದ ಈ ಧಾರವಾಡದ ಹೆಂಗಸಿಗೆ ಹೊಗೆ ಎಂದರೆ ಹಳೆಯ ಶತ್ರು. ಅದರ ಮುಖ ನೋಡಿಯೇ ಮನೆ ಹೇಳಬಲ್ಲರು.

ಅವರ ಪಕ್ಕದಲ್ಲಿ, ಊರೂರಿನ ಹಿತ್ತಲ ಗಾಳಿ ಅಳೆಯುವ ವಿಜ್ಞಾನಿ ಶ್ರೀವಿದ್ಯಾ ಬೆನ್ನು ಸೆಟೆಸಿಕೊಂಡು ಕೂತಿದ್ದಳು. ಕಾಫಿ ಮುಟ್ಟಿರಲಿಲ್ಲ. ನಿನ್ನೆ ಸಂಜೆ ಹ್ಯೂಸ್ಟನ್ನಿನ ಪೂರ್ವದ ಅಂಚಿನಲ್ಲಿ, ಇರಣ್ಣನ ಹಿತ್ತಲ ಸೂರಿನಿಂದ ಅವಳೇ ಇಳಿಸಿದ ಬಿಳಿ ಡಬ್ಬಿ ಟೊಳ್ಳಾಗಿತ್ತು. ಗಾಳಿಯ ಸೂಕ್ಷ್ಮ ಕಣ ಅಳೆಯುವ ಯಂತ್ರ ಮಾಯವಾಗಿತ್ತು. ಭಾರಕ್ಕೆಂದು ಒಳಗೆ ಯಾರೋ ನಾಲ್ಕು ಬೆಣಚುಕಲ್ಲು ತುಂಬಿಟ್ಟಿದ್ದರು. ಆದರೂ ಯಾರು ಬೇಕಾದರೂ ನೋಡಬಹುದಾದ ಅಂತರ್ಜಾಲದ ನಕ್ಷೆಯ ಮೇಲೆ 'ಇರಣ್ಣನ ಹಿತ್ತಲು' ಎಂಬ ಹಸಿರು ಚುಕ್ಕೆ ಈ ಗಳಿಗೆಯಲ್ಲೂ ಲೆಕ್ಕ ಕಳಿಸುತ್ತಲೇ ಇತ್ತು.

ಆ ಯಂತ್ರಕ್ಕೆ ತಾನೆಲ್ಲಿದ್ದೇನೆಂಬುದು ತಿಳಿಯುವುದಿಲ್ಲ. ಹಚ್ಚುವಾಗ ನಾವು ಬರೆದದ್ದೇ ಅದರ ಊರು. ಬಿಚ್ಚಿಕೊಂಡು ಹೋಗಿ ಬೇರೆ ಯಾರ ಮನೆಯಲ್ಲಿ ತೂಗುಹಾಕಿದರೂ ಅದು ಇರಣ್ಣನ ಹೆಸರಲ್ಲೇ ಮಾತಾಡುತ್ತದೆ. ಯಾವ ಮನೆಯ ವೈಫೈ ಎಂದು ತಯಾರಕರನ್ನು ಕೇಳಬಹುದು, ಉತ್ತರ ಬರಲು ವಾರಗಳು ಬೇಕು. ಸೋಮವಾರ ಬೆಳಗ್ಗೆ ಹೊಸ ಚಿಮಣಿಯ ಪರವಾನಗಿಗೆ ಹಿಯರಿಂಗು, ಸಾರ್ವಜನಿಕ ವಿಚಾರಣೆ. ಇವತ್ತು ಶನಿವಾರ.

"ನೇರವಾಗಿ ಕೇಳ್ತೀನಿ ನಿಶ್ಚಲ್," ಎಂದಳು ಶ್ರೀವಿದ್ಯಾ. "ಡಬ್ಬಿ ಒಳಗಿನ ಯಂತ್ರ ನೀನು ತಗೊಂಡ್ಯಾ?"

"ಓ. ಅಪರಾಧಿ ಪಟ್ಟ ನಂಗೇ ಕಟ್ಟಾಯ್ತಾ?"

"ಲಾಭ ಯಾರಿಗೆ ಹೇಳು. ನಿನ್ನ ಕಂಪನಿಗೆ ಶಿಪ್ ಚಾನೆಲ್, ಆ ಹಡಗಿನ ಕಾಲುವೆ ಪಕ್ಕ ಹೊಸ ಯೂನಿಟ್ ಬೇಕು. ಇರಣ್ಣನವರ ಬೀದಿ ಗಾಳಿ ಅರ್ಧಕ್ಕರ್ಧ ಶುದ್ಧವಾಗಿದೆ, ಇನ್ನೊಂದು ಚಿಮಣಿಗೆ ಜಾಗ ಇದೆ ಅಂತ ನೀವು ವಾದ ಮಾಡ್ತಿರೋದು ಆ ಒಂದು ಡಬ್ಬಿ ಹಿಡ್ಕೊಂಡು. ನನ್ನ ಪ್ರಾಜೆಕ್ಟಿನ ಡಬ್ಬಿ! ನನ್ನ ಲೆಕ್ಕವನ್ನ ನನ್ನ ಡಬ್ಬಿಯಿಂದಲೇ ಸುಳ್ಳು ಮಾಡಿಸ್ತಿದೀರ."

ಮಧುರಾ ಎದ್ದು ಅಡುಗೆಮನೆಗೆ ಹೋದಳು. ಆದರೆ ಕಿವಿ ಇಲ್ಲೇ ಬಿಟ್ಟು ಹೋದಳೆಂಬುದು ಅವಳು ಪಾತ್ರೆ ಸದ್ದು ಮಾಡದೆ ಇಡುತ್ತಿದ್ದ ರೀತಿಯಲ್ಲೇ ತಿಳಿಯುತ್ತಿತ್ತು.

ಕಳೆದ ಶರದೃತುವಿನಲ್ಲಿ ರಾಜ್ಯದ ಈಶಾನ್ಯದ ಒಂದು ದೊಡ್ಡ ಕಲ್ಲಿದ್ದಲು ಸ್ಥಾವರ ಮುಚ್ಚಿತು. ಅದರ ಗಂಧಕದ ಹೊಗೆ ನೂರಾರು ಮೈಲಿ ತೇಲಿ, ದಾರಿಯಲ್ಲೇ ಕಣ್ಣಿಗೆ ಕಾಣದ ಕಣವಾಗಿ, ಯಾರದೋ ಮಗುವಿನ ಎದೆಗೆ ಇಳಿಯುತ್ತಿತ್ತು. ಮುಚ್ಚಿದ್ದೇ ತಡ, ಕೋಟು ತೊಟ್ಟವರೆಲ್ಲ ಚಪ್ಪಾಳೆ ತಟ್ಟಿ ಟೆಕ್ಸಾಸಿನ ಗಾಳಿ ಗೆದ್ದಿತು ಎಂದರು. ಯಾವ ಟೆಕ್ಸಾಸು? ಒಂದು ಕಡೆ ಬೆಂಕಿ ಆರಿಸಿದರೆ ಎಲ್ಲ ಊರಿನ ಹೊಗೆಯೂ ಒಂದೇ ಅಳತೆಯಲ್ಲಿ ಕಡಿಮೆಯಾಗುವುದಿಲ್ಲ. ಡಲ್ಲಾಸಿಗೆ ಸಿಕ್ಕಷ್ಟು ಆಸ್ಟಿನ್ನಿಗೆ ಸಿಕ್ಕುವುದಿಲ್ಲ. ಹ್ಯೂಸ್ಟನ್ನಿನ ಪೂರ್ವಕ್ಕೆ ಇನ್ನೂ ಕಡಿಮೆ, ಅಲ್ಲಿಯ ಹೊಗೆ ಅಲ್ಲಿಯದೇ. ಹಡಗುಗಳದು, ರಿಫೈನರಿಗಳದು. ಶ್ರೀವಿದ್ಯಾಳ ಲೆಕ್ಕ ಹೇಳುತ್ತಿದ್ದುದು ಇಷ್ಟನ್ನೇ. ಸೋಮವಾರ ಅದನ್ನು ಅವಳು ಸಾಬೀತು ಮಾಡದಿದ್ದರೆ ಹೊಸ ಚಿಮಣಿ ಏಳುವುದು ಇರಣ್ಣನ ಬೇಲಿಯ ಆಚೆಗೇ. ಬಾಗಲಕೋಟೆಯ ಇರಣ್ಣ ಅದೇ ಬೀದಿಯ ರಿಫೈನರಿಯಲ್ಲಿ ಎಂಜಿನಿಯರಾಗಿ ದುಡಿದು, ಈಗ ಮೂಗಿಗೆ ಆಮ್ಲಜನಕದ ನಳಿಗೆ ಸಿಕ್ಕಿಸಿಕೊಂಡು ಕೂತಿದ್ದಾರೆ. ಅವರನ್ನು ಕೋಟು ತೊಟ್ಟವರ ಮಹಡಿ ಮೇಲಿನ ಸಭೆಯಲ್ಲಿ ಯಾರೂ ಇರಣ್ಣ ಅನ್ನುವುದಿಲ್ಲ. 'ಸರಾಸರಿ' ಅನ್ನುತ್ತಾರೆ.

ಭಾನುಮತಿ ಫೋನು ಮೇಜಿನ ಮೇಲಿಟ್ಟು ನಿಶ್ಚಲನ ಕಡೆ ತಿರುಗಿಸಿದರು.

"ತಮ್ಮಾ, ಇದನ್ನ ನೋಡು. ದಿನದ ಸರಾಸರಿ ಅಲ್ಲ. ಎರಡೆರಡು ನಿಮಿಷದ್ದು. ಏನು ಕಾಣ್ತದ?"

ಹಸಿರು ಗೆರೆ ನೆಲಕ್ಕಂಟಿ ಹರಿಯುತ್ತಿತ್ತು. ಅದರ ನಡುವೆ ದಿನಕ್ಕೆ ಒಂದೆರಡು ಕಡೆ ಸೂಜಿಯಂತೆ ಎದ್ದು ನಿಂತ ಕೆಂಪು ಮೊನೆಗಳು.

"ಇದು ರಿಫೈನರಿ ಉಸಿರಲ್ಲ," ಎಂದರು ಭಾನುಮತಿ. "ಅದು ತಾಸುಗಟ್ಟಲೆ ಬಿಡ್ತದ, ಗಾಳಿ ತಿರುಗಿದ್ರ ಇಳೀತದ. ಇದು ಚಟ್ ಅಂತ ಏಳ್ತದ, ಚಟ್ ಅಂತ ಬೀಳ್ತದ. ಮಧ್ಯಾಹ್ನ ಊಟದ ಹೊತ್ತಿಗೆ ಒಂದು. ಕೆಲವು ದಿನ ಸಂಜಿಗೂ ಒಂದು. ಕಾದ ಎಣ್ಣಿ, ಸಾಸಿವಿ, ಬ್ಯಾಡಗಿ ಮೆಣಸಿನಕಾಯಿ. ನಮ್ಮ ಇರಣ್ಣ ಒಗ್ಗರಣಿ ಹಾಕಿ ಎಷ್ಟು ವರ್ಷ ಆತೋ? ಆಮ್ಲಜನಕದ ಸಿಲಿಂಡರ್ ಇಟ್ಕೊಂಡ ಮನ್ಯಾಗ ಬೆಂಕಿಕಡ್ಡಿ ಗೀರಂಗಿಲ್ಲ ಅಂತ ನಾನೇ ಬರೆದು ಅಂಟಿಸೀನಿ. ಅಂವ ಮೈಕ್ರೋವೇವ್ ಊಟದಾವ."

"ಅಂದ್ರೆ ಡಬ್ಬಿ ಯಾರೋ ಕನ್ನಡದೋರ ಪ್ಯಾಟಿಯೋದಲ್ಲಿದೆ," ಎಂದಳು ಶ್ರೀವಿದ್ಯಾ, ನಿಶ್ಚಲನ ಮೇಲಿಂದ ಕಣ್ಣು ಕೀಳದೆ.

ನಿಶ್ಚಲ್ ಬಹಳ ಹೊತ್ತು ಆ ಸೂಜಿಗಳನ್ನೇ ನೋಡಿದ. ಆಶ್ಚರ್ಯ ಅವನ ಮುಖದಲ್ಲಿ ಮೂಡಲಿಲ್ಲ. ಭಾನುಮತಿ ಕಾಯುತ್ತಿದ್ದುದು ಅದಕ್ಕೇ.

"ಮೊದಲೇ ನೋಡೀದಿ ನೀ," ಎಂದರು ಮೆಲ್ಲಗೆ.

ನಿಶ್ಚಲ್ ಫೋನನ್ನು ಅವರ ಕಡೆಗೆ ಸರಿಸಿದ.

"ನೋಡೀದೋ ಇಲ್ಲೋ?"

"ನೋಡಿದ್ದೆ," ಎಂದ. "ಡಿಸೆಂಬರ್‌ನಲ್ಲೇ. ಅದು ಇರಣ್ಣನವರ ಮನೆ ಗಾಳಿ ಅಲ್ಲ ಅಂತ ಗೊತ್ತಾಯ್ತು. ಸುಮ್ಮನಿದ್ದೆ."

ಶ್ರೀವಿದ್ಯಾ ಎದ್ದು ನಿಂತಳು. "ಸುಮ್ಮನಿದ್ಯಾ? ನಿಶ್ಚಲ್, ಸುಮ್ಮನಿದ್ಯಾ?"

"ಹೂಂ, ಸುಮ್ಮನಿದ್ದೆ! ನಿನ್ನ ಡಬ್ಬಿ, ನಿನ್ನ ಪ್ರಾಜೆಕ್ಟು. ನೀನು ದಿನದ ಸರಾಸರಿ ಮಾತ್ರ ನೋಡಿ ಕಣ್ಣು ಮುಚ್ಚಿಕೊಂಡ್ರೆ ನಾನ್ಯಾಕೆ ತೆರೆಸಲಿ?" ಅವನ ದನಿ ಏರಿತು. "ಹೇಳು ಶ್ರೀ, ಅಮೋನಿಯಾದ ವಿಚಾರ ಯಾರದು? ಗಂಧಕ ಕಮ್ಮಿ ಆದ್ರೆ ಚಳಿಗಾಲದಲ್ಲಿ ಅಮೋನಿಯಾ ಸುಮ್ಮನೆ ಕೂರಲ್ಲ, ನೈಟ್ರೇಟ್ ಕೈ ಹಿಡಿಯುತ್ತೆ, ಕಣ ಮತ್ತೆ ಹುಟ್ಟುತ್ತೆ, ಅದಕ್ಕೇ ಅರ್ಧ ಹೊಗೆ ನಿಲ್ಲಿಸಿದ್ರೂ ಅರ್ಧ ಧೂಳು ಕಮ್ಮಿ ಆಗಲ್ಲ ಅಂತ ಮೊದಲು ಹೇಳಿದ್ದು ಯಾರು?"

"ನೀನು."

"ಇಬ್ಬರೂ ಸೇರಿ ಬರೆದ ಪ್ರಬಂಧದಲ್ಲಿ ಹೆಸರು ಮೊದಲು ಬಂದಿದ್ದು ಯಾರದು? ಪೇಪರ್‌ನಲ್ಲಿ ಫೋಟೋ ಯಾರದು? ಸಮ್ಮೇಳನದಲ್ಲಿ ಶಾಲು ಹೊದಿಸಿದ್ದು ಯಾರಿಗೆ? 'ನಮ್ಮ ಹೆಮ್ಮೆಯ ಕನ್ನಡತಿ!' ನಾನು ಕೊನೇ ಸಾಲಲ್ಲಿ ಕೂತು ಚಪ್ಪಾಳೆ ತಟ್ಟಿದೆ. ಅಂಗೈ ಉರೀತಿತ್ತು. ಆ ಡಬ್ಬಿ ನಿನ್ನನ್ನ ಸುಳ್ಳುಗಾತಿ ಮಾಡಿದ ದಿನ, ಸತ್ಯ ಹೇಳ್ತೀನಿ, ನಂಗೆ ಚೆನ್ನಾಗಿ ನಿದ್ದೆ ಬಂತು."

"ಭೇಷ್!" ಎಂದರು ಭಾನುಮತಿ. ಅದು ಹೊಗಳಿಕೆಯಾಗಿರಲಿಲ್ಲ. "ನಿನಗ ನಿದ್ದಿ ಬಂತು. ಇರಣ್ಣಗ ಬರ್ಲಿಲ್ಲ. ಅಂವ ಮೂರು ದಿಂಬು ಇಟ್ಕೊಂಡು ಕೂತ್ಕೊಂಡು ಮಲಗ್ತಾನ. ನಿಮ್ಮಿಬ್ಬರ ಹೆಸರು ಯಾವುದು ಮುಂದ, ಯಾವುದು ಹಿಂದ, ಆ ಜಗಳದ ಹೊಗಿ ಹೋಗಿ ಅವನ ಎದಿಯೊಳಗ ಕೂತದ. ಓದಿದೋರು ನೀವು! ನಿಮ್ಮ ಓದಿಗಿಷ್ಟು ಬೆಂಕಿ ಹಾಕ."

ನಿಶ್ಚಲ್ ತಲೆ ತಗ್ಗಿಸಿದ. "ನೋಡಿದ್ದು ನಿಜ. ಮುಚ್ಚಿಟ್ಟಿದ್ದು ನಿಜ. ಕದ್ದಿದ್ದು ಮಾತ್ರ ನಾನಲ್ಲ ಆಂಟಿ."

"ಅಲ್ಲ," ಎಂಬ ದನಿ ಅಡುಗೆಮನೆಯ ಬಾಗಿಲಿನಿಂದ ಬಂತು. ಮಧುರಾ ಎರಡು ತಟ್ಟೆಯಲ್ಲಿ ವಾಂಗಿಭಾತು ಹಿಡಿದು ನಿಂತಿದ್ದಳು. "ವಾರದ ದಿನ ನಮ್ಮ ಒಲೆ ಹೊತ್ತೋದೇ ಇಲ್ಲ. ಇವನು ಆಫೀಸು, ನಾನು ಆಫೀಸು. ಭಾನುವಾರ ಒಂದೇ ಸಲ ಮಾಡಿ ಫ್ರೀಜರ್‌ಗೆ ಹಾಕ್ತೀನಿ. ಬುಧವಾರ ಮಧ್ಯಾಹ್ನ ನಮ್ಮ ಪ್ಯಾಟಿಯೋದಲ್ಲಿ ಅಳಿಲು ಒಗ್ಗರಣೆ ಹಾಕಬೇಕು ಅಷ್ಟೇ."

ತಟ್ಟೆಯನ್ನು ಶ್ರೀವಿದ್ಯಾಳ ಮುಂದೆ ತುಸು ಜೋರಾಗಿಯೇ ಇಟ್ಟಳು.

"ತಿನ್ನಿ. ವಿಷ ಹಾಕಿಲ್ಲ. ಚೈತನ್ಯಂಗೂ ಒಂದು ಡಬ್ಬಿ ಕಟ್ಟಿಕೊಡ್ಲಾ?"

"ಬೇಡ ಮಧುರಾ. ಅವನಿಗೆ ಇವತ್ತು ಹಣ್ಣು ಹಾಲು ಅಷ್ಟೇ."

ಕೃಷ್ಣಚೈತನ್ಯ ಶ್ರೀವಿದ್ಯಾಳ ಗಂಡ. ಆಸ್ಟಿನ್ನಿನಲ್ಲಿ ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ. ಮಾತು ಕಡಿಮೆ. ಹೆಂಡತಿ ಮಾತಾಡುವ ಸಭೆಗಳಲ್ಲಿ ಅವಳ ಬ್ಯಾಗು ಹಿಡಿದು ಕೂರುವವನು.

"ಅದೃಷ್ಟ ಮಾಡಿದೀರ," ಎಂದಳು ಮಧುರಾ. "ಅಡುಗೆ ಮಾಡಿ ಹಾಕೋ ಗಂಡ. ಕಾರು ಓಡಿಸೋ ಗಂಡ. ಏಣಿ ಹತ್ತಿ ಡಬ್ಬಿ ಕಟ್ಟೋ ಗಂಡ. ಒಬ್ಬರಿಗೇ ಎಷ್ಟು ಅಂತ ಕೊಡ್ತಾನೋ ದೇವರು."

"ಮಧೂ, ಸಾಕು," ಎಂದ ನಿಶ್ಚಲ್.

"ಯಾಕೆ ಸಾಕು? ಅಮೋನಿಯಾ ಕಥೆ ಹೇಳಿದ್ಯಲ್ಲ, ಅದನ್ನ ಎಲ್ಲಿ ಹೇಳಿದ್ದು ಅಂತಾನೂ ಹೇಳು. ಆಸ್ಟಿನ್ನಿಂದ ಹ್ಯೂಸ್ಟನ್ನಿಗೆ ಬರ್ತಾ, ಇವರ ಕಾರಿನಲ್ಲಿ. ಮುಂದಿನ ಸೀಟಲ್ಲಿ ನೀವಿಬ್ರು. ಹಿಂದಿನ ಸೀಟಲ್ಲಿ ನಾನು ಮತ್ತೆ ಚೈತನ್ಯ, ಮಧ್ಯೆ ಚಕ್ಕುಲಿ ಡಬ್ಬ. ಗಂಧಕ ಕೈಬಿಡ್ತು, ಅಮೋನಿಯಾ ಇನ್ನೊಬ್ಬರ ಕೈ ಹಿಡೀತು ಅಂತ ನೀವು ಹಾಡಿಕೊಂಡು ನಗ್ತಿದ್ರಿ. ನಾವಿಬ್ರು ದಾರಿಯುದ್ದಕ್ಕೂ ಎಮ್ಮೆ ಎಣಿಸ್ತಿದ್ವಿ."

"ಟೆಕ್ಸಾಸ್‌ನಲ್ಲಿ ಎಮ್ಮೆ ಎಲ್ಲಿ ಬಂತೇ?" ಎಂದ ನಿಶ್ಚಲ್.

"ಹಸು ಎಣಿಸ್ತಿದ್ವಿ, ಸರಿನಾ? ಮೂರು ವರ್ಷ ಆಯ್ತು. ಆವತ್ತಿಂದ ಇವತ್ತಿನವರೆಗೂ ಆ ಕಾರಿನಿಂದ ನಾನು ಇಳಿದೇ ಇಲ್ಲ."

ಶ್ರೀವಿದ್ಯಾಳ ಮುಖದಲ್ಲಿ ನೋವಿಗಿಂತ ಹೆಚ್ಚಾಗಿ ಅಚ್ಚರಿಯಿತ್ತು. ತಾನು ಮುಂದಿನ ಸೀಟಿನಲ್ಲಿ ಕೂತಿದ್ದೇನೆಂಬುದು ಮುಂದೆ ಕೂತವರಿಗೆ ತಿಳಿಯುವುದೇ ಇಲ್ಲ. ಅದು ಬೆನ್ನ ಹಿಂದಿನವರಿಗೆ ಮಾತ್ರ ಗೊತ್ತಿರುವ ಭೂಗೋಳ.

ಭಾನುಮತಿ ಮಾತ್ರ ವಾಂಗಿಭಾತು ತಿನ್ನುತ್ತ ಗೆರೆಯನ್ನು ಹಿಂದಕ್ಕೆ ಎಳೆಯುತ್ತಿದ್ದರು. ಜನವರಿ. ಡಿಸೆಂಬರ್.

"ಸೂಜಿ ಇದ್ದ ದಿನ ಬ್ಯಾಡ," ಎಂದರು ಇದ್ದಕ್ಕಿದ್ದಂತೆ. "ಇಲ್ಲದ ದಿನ ನೋಡೋಣ. ರೋಗಿ ಯಾವಾಗ ಕೆಮ್ಮಂಗಿಲ್ಲ ಅನ್ನೋದೂ ಒಂದು ಲಕ್ಷಣ. ಇಲ್ನೋಡ್ರಿ, ಈ ದಿನ ಪೂರಾ ಸಪಾಟ. ಇಲ್ಲೊಂದು. ಇಲ್ಲೊಂದು. ಆದ್ರ ಮರುದಿನ ಬೆಳ್ಳಂಬೆಳಿಗ್ಗೆ, ಆಗಷ್ಟ ಸೂರ್ಯ ಹುಟ್ಟಿರ್ತಾನ, ಸೂಜಿ ಎದ್ದು ನಿಂತಿರ್ತದ. ಬ್ಯಾರೆ ದಿನ ಆ ಹೊತ್ತಿಗೆ ಒಲಿ ಹೊತ್ತಿದ್ದೇ ಇಲ್ಲ."

"ಅದನ್ನೂ ನೋಡಿದ್ದೆ," ಎಂದ ನಿಶ್ಚಲ್, ಗಣಿತಜ್ಞನ ಅಭಿಮಾನ ತಡೆಯಲಾರದೆ. "ವಾರದ ಲೆಕ್ಕ ಹಾಕಿದೆ, ಹೊಂದಲಿಲ್ಲ. ರಜಾ ದಿನ ಹಾಕಿದೆ, ಹೊಂದಲಿಲ್ಲ. ಕಂಪ್ಯೂಟರ್ ಬಿಟ್ಟು ಹುಡುಕಿಸಿದೆ. ಒಂದ್ಸಲ ಮಂಗಳವಾರ, ಒಂದ್ಸಲ ಗುರುವಾರ. ತಲೆಬುಡ ಇಲ್ಲ."

ಕಂಪ್ಯೂಟರಿಗೆ ಭಾನುವಾರ ಗೊತ್ತು, ಕ್ರಿಸ್‌ಮಸ್ ಗೊತ್ತು. ಹದಿನೈದು ದಿನಕ್ಕೊಮ್ಮೆ ಯಾರದೋ ಅಡುಗೆಮನೆಯ ಮೇಲೆ ಆಕಾಶದಲ್ಲಿ ಚಂದ್ರ ಏನು ಮಾಡುತ್ತಾನೆ ಎಂಬುದನ್ನು ಅದಕ್ಕೆ ಯಾರೂ ಕಲಿಸಿರಲಿಲ್ಲ.

ಮಧುರಾ ನಿಧಾನವಾಗಿ ಹತ್ತಿರ ಬಂದು ಫೋನಿನ ಮೇಲೆ ಬಗ್ಗಿದಳು. ಅವಳ ಬೆರಳು ಒಂದು ಸಪಾಟು ದಿನದ ಮೇಲೆ ನಿಂತಿತು, ಮರುದಿನ ಮುಂಜಾನೆಯ ಸೂಜಿಗೆ ಜರುಗಿತು.

"ಪಾರಣೆ," ಎಂದಳು.

"ಏನವಾ?"

"ದ್ವಾದಶಿ ಪಾರಣೆ ಆಂಟಿ. ನಮ್ಮಜ್ಜಿ ಮಾಡ್ತಿದ್ರು. ಏಕಾದಶಿ ಪೂರ್ತಿ ಉಪವಾಸ, ಒಲೆ ಹಚ್ಚೋ ಹಾಗಿಲ್ಲ. ಮರುದಿನ ಬೆಳಗಾಗ್ತಲೇ ಅಡುಗೆ ಮಾಡಿ ಊಟ. ತಡ ಮಾಡೋ ಹಾಗಿಲ್ಲ."

ಫ್ರಿಜ್ಜಿನ ಮೇಲೆ ಬೆಂಗಳೂರಿನಿಂದ ತರಿಸಿದ ಕನ್ನಡ ಕ್ಯಾಲೆಂಡರು ನೇತಾಡುತ್ತಿತ್ತು. ನಿಶ್ಚಲ್ ಅದನ್ನು ಕಿತ್ತುಕೊಂಡೇ ಬಂದ. ಮೊದಲ ಸಪಾಟು ದಿನ: ಏಕಾದಶಿ. ಸರಿ. ಎರಡನೆಯದು ಸರಿಹೋಗಲಿಲ್ಲ, ಗೆರೆ ಮಲಗಿದ್ದು ಕ್ಯಾಲೆಂಡರಿನ ಏಕಾದಶಿಯ ಹಿಂದಿನ ದಿನ. ಮೂರನೆಯದೂ ಹಾಗೆಯೇ.

"ತಪ್ಪಿತು," ಎಂದ ನಿರಾಸೆಯಿಂದ. "ಇವತ್ತೂ ತಪ್ಪೇ. ಬೆಳಗ್ಗಿನಿಂದ ಸೂಜಿ ಎದ್ದಿಲ್ಲ, ಆದ್ರೆ ಕ್ಯಾಲೆಂಡರ್‌ನಲ್ಲಿ ಏಕಾದಶಿ ನಾಳೆ."

"ನಾಳೆ?" ಎಂದಳು ಮಧುರಾ.

ಅವಳು ನೆಟ್ಟಗೆ ನಿಂತಳು. ಶ್ರೀವಿದ್ಯಾಳ ಕಡೆ ತಿರುಗಿದಳು. ವರ್ಷಗಳಿಂದ ಒಳಗೆ ಬೇಯುತ್ತಿದ್ದುದು ಅವಳ ಕಣ್ಣಲ್ಲಿ ಒಂದು ಕ್ಷಣ ಕುದಿದು ಮೇಲೆ ಬಂತು.

"ಏಕಾದಶಿ ನಾಳೆ ಇದ್ರೆ, ಚೈತನ್ಯಂಗೆ ಇವತ್ತು ಯಾಕೆ ಹಣ್ಣು ಹಾಲು?"

ಶ್ರೀವಿದ್ಯಾ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

ಉತ್ತರ ಅವಳಿಗೆ ಗೊತ್ತಿತ್ತು. ಮದುವೆಯಾದ ಮೊದಲ ತಿಂಗಳಿಂದ ಗೊತ್ತಿತ್ತು. 'ತಿಥಿ ಸೂರ್ಯೋದಯಕ್ಕೆ ನೋಡಬೇಕು ಶ್ರೀ, ಬೆಂಗಳೂರಿನ ಸೂರ್ಯ ಇಲ್ಲಿ ಹುಟ್ಟಲ್ಲ' ಎಂದು ಗಂಡ ಪ್ರತಿಸಲ ಹೇಳುತ್ತಿದ್ದ. ಎಷ್ಟೋ ಮನೆಗಳಲ್ಲಿ ಫ್ರಿಜ್ಜಿನ ಮೇಲಿನ ಕ್ಯಾಲೆಂಡರನ್ನೇ ನಂಬಿ ಒಂದು ದಿನ ತಪ್ಪಿ ಉಪವಾಸ ಮಾಡುತ್ತಾರೆಂದು ಅವನಿಗೆ ನಗು. ಅವನು ಟೆಕ್ಸಾಸಿನ ಸೂರ್ಯನಿಗೆ ಲೆಕ್ಕ ಹಾಕಿದ ಪಂಚಾಂಗದವನು.

ನಿಶ್ಚಲ್ ಫೋನಿನಲ್ಲಿ ಏನೋ ಹುಡುಕಿದ. ಇಲ್ಲಿಯ ತಿಥಿಗಳು. ಒಂದೊಂದನ್ನೇ ಗೆರೆಯ ಪಕ್ಕ ಹಿಡಿದ. ಎಲ್ಲವೂ ಹೊಂದಿದವು.

"ಟೆಕ್ಸಾಸ್‌ನಲ್ಲಿ ಏಕಾದಶಿ ಮಾಡೋ ಮನೆ ಒಂದೇನಾ?" ಶ್ರೀವಿದ್ಯಾಳ ದನಿ ಬಿರಿದಿತ್ತು.

"ಒಂದಲ್ಲ," ಎಂದರು ಭಾನುಮತಿ. "ಆದ್ರ ಇರಣ್ಣನ ಸೂರಿಗೆ ಏಣಿ ಹಚ್ಚಿದಾವ್ರು ಎಷ್ಟು ಮಂದಿ?"

ಮಧುರಾ ಗೆದ್ದಿದ್ದಳು. ಆದರೆ ಗೆದ್ದವಳ ಮುಖ ಅಲ್ಲಿರಲಿಲ್ಲ. ಅವಳು ತಟ್ಟೆ ಎತ್ತಿಕೊಂಡು, ತಿನ್ನದೆ ಉಳಿದ ವಾಂಗಿಭಾತನ್ನು ನೋಡಿ, "ಅವರೂ ಆ ಕಾರಿನಿಂದ ಇಳಿದಿಲ್ಲ ಅನ್ಸುತ್ತೆ," ಎಂದಳು, ತನಗೇ ಹೇಳಿಕೊಳ್ಳುವಂತೆ.

*

ಭಾನುಮತಿ ಶ್ರೀವಿದ್ಯಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಫ್ರೀವೇ ಸೇರಿದರು. ಹಿಂದಿನ ಸೀಟಿನಲ್ಲಿ ಇರಣ್ಣನ ಹಿತ್ತಲಿಗೆಂದು ತಂದ ಹೊಸ ಡಬ್ಬಿ ಬೆಲ್ಟು ಕಟ್ಟಿಸಿಕೊಂಡು ಕೂತಿತ್ತು. ಇವತ್ತು ಅದನ್ನು ಹಚ್ಚಿದರೆ ಸೋಮವಾರದೊಳಗೆ ಒಂದಷ್ಟು ನಿಜವಾದ ಗಾಳಿಯಾದರೂ ಕೈಗೆ ಸಿಗುತ್ತದೆ. ಇರಣ್ಣ ಕಾಯುತ್ತಿದ್ದರು, ಬೆಳಗ್ಗಿನಿಂದ ಎರಡು ಸಲ ಫೋನು ಮಾಡಿ "ಗೇಟ್ ತೆಗೆದಿಟ್ಟೀನ್ರಿ ಡಾಕ್ಟರ್" ಎಂದಿದ್ದರು.

"ಅವನಲ್ಲ ಆಂಟಿ," ಎಂದಳು ಶ್ರೀವಿದ್ಯಾ. "ನಮ್ಮ ಹಿತ್ತಲಲ್ಲಿ ತಂದಿಟ್ಟಿದ್ರೆ ನಂಗೆ ಕಾಣ್ತಿರ್ಲಿಲ್ವಾ?"

"ನಿಮ್ಮ ಹಿತ್ತಲದಾಗ ಬ್ಯಾರೆ ಡಬ್ಬಿ ಇಲ್ಲೇನು?"

ಇದ್ದವು. ಯಾರದೇ ಮನೆಗೆ ಹಚ್ಚುವ ಮುಂಚೆ ಹೊಸ ಡಬ್ಬಿಗಳನ್ನು ಅವಳು ಪರೀಕ್ಷೆಗೆಂದು ತನ್ನ ಪ್ಯಾಟಿಯೋದ ತೊಲೆಗೇ ತೂಗುಹಾಕುತ್ತಿದ್ದಳು. ಒಂದೇ ಬಣ್ಣ, ಒಂದೇ ಆಕಾರ, ಗುಬ್ಬಿ ಗೂಡುಗಳ ಹಾಗೆ ಸಾಲಾಗಿ. ಖಾಲಿ ಡಬ್ಬಿಯೊಂದಕ್ಕೆ ಕದ್ದ ಯಂತ್ರ ತುಂಬಿ ಸಾಲಿಗೆ ಸೇರಿಸಿದರೆ ಯಾರು ಎಣಿಸುತ್ತಾರೆ? ಪರೀಕ್ಷೆಯ ಡಬ್ಬಿಗಳ ಗೆರೆಯನ್ನಂತೂ ಅವಳು ತೆರೆದು ನೋಡಿ ತಿಂಗಳುಗಳಾಗಿದ್ದವು. ಊರೆಲ್ಲರ ಹಿತ್ತಲ ಗಾಳಿ ಅಳೆದವಳು ತನ್ನ ಹಿತ್ತಲನ್ನು ಮಾತ್ರ ಅಳೆದಿರಲಿಲ್ಲ.

ಅವಳು ಫೋನು ತೆಗೆದಳು. ಮನೆಯ ಒಂದು ಡಬ್ಬಿಯ ಗೆರೆ ಮೇಲೆ, ಇರಣ್ಣನ ಹೆಸರಿನ ಗೆರೆ ಕೆಳಗೆ.

ಅವಳಿ ಮಕ್ಕಳು. ಸೂಜಿಗೆ ಸೂಜಿ. ಉಪವಾಸಕ್ಕೆ ಉಪವಾಸ.

ಭಾನುಮತಿ ರಸ್ತೆಯಿಂದ ಕಣ್ಣು ತೆಗೆಯದೆಯೇ ಕೇಳಿದರು. "ಹೊಂದ್ತದೇನು?"

"ಹೂಂ."

"ಸೋಮವಾರ ಏನು ಹೇಳ್ತಿ?"

ನಿಜ ಹೇಳಿದರೆ ಆ ಡಬ್ಬಿಯ ಸಾಕ್ಷ್ಯ ಬಿದ್ದುಹೋಗುತ್ತದೆ, ಇರಣ್ಣನ ಬೀದಿ ಉಳಿಯುತ್ತದೆ. ಆದರೆ ಕಂಪನಿಯ ವಕೀಲ ಎದ್ದು ನಿಂತು ಕೇಳುವ ಮೊದಲ ಪ್ರಶ್ನೆ ಯಾವುದೆಂದು ಅವಳಿಗೆ ಗೊತ್ತು: ಅದು ಸಿಕ್ಕಿದ್ದು ಯಾರ ಮನೆಯಲ್ಲಿ, ಮೇಡಂ? ತನ್ನದೇ ಡಬ್ಬಿಯನ್ನು ತನ್ನದೇ ಮನೆಯಲ್ಲಿ ಬಚ್ಚಿಟ್ಟುಕೊಂಡು ನಾಟಕವಾಡಿದ ವಿಜ್ಞಾನಿ ಎಂದು ಸಂಜೆಯೊಳಗೆ ಊರೆಲ್ಲ ಹಬ್ಬುತ್ತದೆ. ಸುಮ್ಮನಿದ್ದರೆ ಹೆಸರು ಉಳಿಯುತ್ತದೆ, ಗಂಡ ಉಳಿಯುತ್ತಾನೆ, ಇರಣ್ಣನ ಬೇಲಿಗೆ ಚಿಮಣಿ ಬರುತ್ತದೆ.

"ಯಾಕೆ ಹೀಗ್ ಮಾಡಿದ ಆಂಟಿ? ನಾನು ಅವನಿಗೆ ಏನು ಕಮ್ಮಿ ಮಾಡಿದೆ?"

"ಕಮ್ಮಿ ಮಾಡಿಲ್ಲ. ನೋಡಿಲ್ಲ, ಅಷ್ಟ."

ಆಗಲೇ ಫೋನು ಅವಳ ಕೈಯಲ್ಲೇ ಕಂಪಿಸಿತು. ಚೈತನ್ಯ. ವಿಡಿಯೋ ಕಾಲ್.

ಭಾನುಮತಿ ತಲೆಯಾಡಿಸಿದರು: ತಗೋ, ಏನೂ ತೋರಿಸಬೇಡ.

ತೆರೆಯ ತುಂಬ ಗಂಡನ ಮುಖ. ಹಣೆಯಲ್ಲಿ ಅಂಗಾರದ ಗೆರೆ. ಅವನ ಹೆಗಲ ಹಿಂದೆ ಆಸ್ಟಿನ್ನಿನ ದೇವಸ್ಥಾನದ ಕಂಬಗಳು, ಆರತಿಗೆ ಕೈ ಒಡ್ಡಿದ ಜನ, ಗಂಟೆಯ ಸದ್ದು.

"ಶ್ರೀ, ಊಟ ಆಯ್ತಾ? ಮಧುರಾ ಮನೇಲಿ ಏನು ಸ್ಪೆಷಲ್ಲು?" ಅವನು ನಕ್ಕ. ಆ ನಗುವಿನಲ್ಲಿ ಕಳ್ಳ ಇದ್ದನೇ? ಅವಳಿಗೆ ಕಾಣಲಿಲ್ಲ. "ನಾನು ಬೆಳಗ್ಗಿನಿಂದ ಇಲ್ಲೇ ಇದೀನಿ. ಪಾರಾಯಣ ಮುಗಿಯೋದು ಸಂಜೆ ಆಗುತ್ತೆ. ನೀನು ನಿಧಾನಕ್ಕೆ ಬಾ."

"ಬೆಳಗ್ಗಿನಿಂದ ಅಲ್ಲೇನಾ?"

"ಹೂಂ. ಏಕಾದಶಿ ಅಲ್ವಾ?"

ಕರೆ ಮುಗಿಯಿತು. ತೆರೆಯ ಮೇಲೆ ಮತ್ತೆ ಆ ಎರಡು ಗೆರೆಗಳು ಬಂದು ನಿಂತವು.

ಶ್ರೀವಿದ್ಯಾ ತೆರೆಯನ್ನು ಕಣ್ಣ ಹತ್ತಿರ ಹಿಡಿದಳು.

"ಆಂಟಿ. ಗಾಡಿ ಪಕ್ಕಕ್ಕೆ ತಗೊಳ್ಳಿ."

"ಏನಾತು?"

"ತಗೊಳ್ಳಿ!"

ಭಾನುಮತಿ ಬದಿಯ ರಸ್ತೆಗಿಳಿದು ಪೆಟ್ರೋಲ್ ಬಂಕಿನ ಅಂಗಳದಲ್ಲಿ ನಿಲ್ಲಿಸಿದರು. ಶ್ರೀವಿದ್ಯಾ ಫೋನು ಅವರ ಮುಖಕ್ಕೆ ಹಿಡಿದಳು.

ಎರಡೂ ಗೆರೆಗಳ ತುದಿಯಲ್ಲಿ, ಎರಡರಲ್ಲೂ ಒಟ್ಟಿಗೆ, ಕೆಂಪು ಸೂಜಿ ಏಳುತ್ತಿತ್ತು. ಈಗ. ಈ ನಿಮಿಷ. ಉಪವಾಸದ ದಿನ, ಯಜಮಾನ ದೇವಸ್ಥಾನದಲ್ಲಿ, ಯಜಮಾನಿ ರಸ್ತೆಯಲ್ಲಿ. ಬೀಗ ಹಾಕಿದ ಮನೆಯ ಹಿತ್ತಲಲ್ಲಿ ಯಾರೋ ಎಣ್ಣೆ ಕಾಯಿಸಿ ಸಾಸಿವೆ ಸಿಡಿಸುತ್ತಿದ್ದರು.

"ಬಾಜು ಮನಿಯಾವ್ರು ಬಂದಿರಬಹುದು," ಎಂದರು ಭಾನುಮತಿ. ತಾವೇ ನಂಬದ ದನಿಯಲ್ಲಿ.

"ನಮ್ಮ ಒಲೆ ಯಾರೂ ಹಚ್ಚೋಕಾಗಲ್ಲ ಆಂಟಿ. ಅದರ ನಾಬ್ ಮುರಿದು ವರ್ಷ ಆಯ್ತು. ಇಕ್ಕಳ ಹಾಕಿ ತಿರುಗಿಸಬೇಕು. ಇಕ್ಕಳ ಇರೋದು ಕರಿಬೇವಿನ ಕುಂಡದ ಹಿಂದೆ." ಅವಳು ಫೋನನ್ನು ಹಿಂದಕ್ಕೆ ಸೆಳೆದುಕೊಂಡಳು. "ಅದು ಗೊತ್ತಿರೋದು ನಂಗೆ, ಅವನಿಗೆ. ಅಷ್ಟೇ. ಅಷ್ಟೇ ಅಂದ್ಕೊಂಡಿದ್ದೆ."

ಸೂಜಿ ತುದಿ ಮುಟ್ಟಿ ಇಳಿಯತೊಡಗಿತು. ಇನ್ನೊಂದು ಎದ್ದಿತು. ಯಾರೋ ಅವಸರವಿಲ್ಲದೆ, ತಮ್ಮದೇ ಮನೆ ಎಂಬಂತೆ, ಎರಡನೆಯ ಪಲ್ಯಕ್ಕೆ ಕೈ ಹಾಕಿದ್ದರು. ಇಕ್ಕಳದ ಗುಟ್ಟನ್ನು ಅವರಿಗೆ ಹೇಳಿಕೊಟ್ಟಿದ್ದರೆ ಅದು ಚೈತನ್ಯನೇ.

ಹೊಟ್ಟೆಕಿಚ್ಚು ಬೇರೆಯವರ ರೋಗ, ತನ್ನನ್ನು ನೋಡಿ ಬೇರೆಯವರಿಗೆ ಬರುವಂಥದ್ದು ಎಂದು ಇಷ್ಟು ವರ್ಷ ತಿಳಿದಿದ್ದವಳ ಕಿಬ್ಬೊಟ್ಟೆಯಲ್ಲಿ ಏನೋ ಹೊತ್ತಿಕೊಂಡಿತು.

ಬಂಕಿನ ಮುಂದೆ ರಸ್ತೆ ಎರಡಾಗಿ ಒಡೆಯುತ್ತಿತ್ತು. ಎಡಕ್ಕೆ ಹ್ಯೂಸ್ಟನ್ನಿನ ಪೂರ್ವ, ಗೇಟು ತೆಗೆದಿಟ್ಟು ಕೂತ ಇರಣ್ಣ. ಬಲಕ್ಕೆ ಆಸ್ಟಿನ್. ಭಾನುಮತಿಯ ಫೋನು ಮತ್ತೆ ಬಡಿದುಕೊಳ್ಳತೊಡಗಿತು, ತೆರೆಯ ಮೇಲೆ ಇರಣ್ಣನ ಹೆಸರು.

"ಯಾ ಕಡೆ, ಶ್ರೀವಿದ್ಯಾ?"

ಶ್ರೀವಿದ್ಯಾ ಕಾರಿನಿಂದ ಇಳಿದಳು. ಹಿಂದಿನ ಬಾಗಿಲು ತೆರೆದು, ಹೊಸ ಡಬ್ಬಿಯ ಬೆಲ್ಟು ಬಿಚ್ಚಿ, ಅದನ್ನು ಎತ್ತಿ ಭಾನುಮತಿಯ ಪಕ್ಕದ ಮುಂದಿನ ಸೀಟಿನಲ್ಲಿಟ್ಟಳು.

"ಇದನ್ನ ನೀವು ಇರಣ್ಣನವರಿಗೆ ಮುಟ್ಟಿಸಿ. ನಾನು ಊಬರ್ ಮಾಡ್ಕೋತೀನಿ."

"ಒಬ್ಬಾಕಿನ ಹೋಗಬ್ಯಾಡ!"

ಅವಳು ಕೇಳಿಸಿಕೊಳ್ಳಲಿಲ್ಲ. ಅವಳ ಕಣ್ಣು ಫೋನಿನ ಮೇಲಿತ್ತು. ಎರಡು ಗೆರೆಗಳ ಪೈಕಿ ಇರಣ್ಣನ ಹೆಸರಿನದು ಈಗಷ್ಟೇ ಕಡಿದುಹೋಗಿತ್ತು. ಇನ್ನೊಂದು ಹರಿಯುತ್ತಲೇ ಇತ್ತು.

ಒಗ್ಗರಣೆ ಹಾಕುತ್ತಿದ್ದ ಕೈ, ಸಾಲಿನ ಅಷ್ಟೂ ಡಬ್ಬಿಗಳಲ್ಲಿ ಸರಿಯಾಗಿ ಅದೊಂದನ್ನೇ ಆರಿಸಿ ಕಿತ್ತಿತ್ತು.